ಗುಂಪಿನ ಇಮೇಲ್‌ಗೆ ಸರಿಯಾಗಿ ಉತ್ತರಿಸುವ ಕ್ರಮ: ಥಂಡರ್‌ಬರ್ಡ್, ಜಿಮೇಲ್, ಔಟ್‌ಲುಕ್ ಮತ್ತಿತರ ತಂತ್ರಾಂಶಗಳಲ್ಲಿ

ಮೈಸೂರಿನ ಬಡಾವಣೆಯೊಂದರ ನಿವಾಸಿಗಳ ಸಂಘವಿರಲಿ, ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಬಳಗವಿರಲಿ, ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಸ್ವಯಂಸೇವಕರ ತಂಡವಿರಲಿ, ವಾಟ್ಸಾಪ್ ಬಂದ ಮೇಲೂ ಗಂಭೀರವಾದ ವ್ಯವಹಾರವನ್ನು ಮೇಲಿಂಗ್ ಲಿಸ್ಟ್‌ನಲ್ಲಿಯೇ ನಡೆಸುವ ಗುಂಪುಗಳು ಇಂದಿಗೂ ಇವೆ. ಒಂದೇ ವಿಳಾಸಕ್ಕೆ ಬರೆದ ಪತ್ರ ಪಟ್ಟಿಯಲ್ಲಿರುವ ಎಲ್ಲರಿಗೂ ತಲುಪುತ್ತದೆ. ಹಳೆಯ ಪತ್ರಗಳು ಉಳಿದಿರುತ್ತವೆ. ಹಿಂದೆ ಯಾರು ಯಾವುದಕ್ಕೆ ಒಪ್ಪಿದ್ದರು ಎಂಬುದನ್ನು ಬೇಕೆನಿಸಿದಾಗ ಹುಡುಕಿ ತೆಗೆಯಬಹುದು. ಆದರೆ ಈ ಅನುಕೂಲವೆಲ್ಲ ಸದಸ್ಯರು ಉತ್ತರಿಸುವ ರೀತಿಯನ್ನು ಅವಲಂಬಿಸಿದೆ. ಒಬ್ಬರಿಗಷ್ಟೇ ಹೋಗಬೇಕಾದ ಮಾತು ಊರಿಗೆಲ್ಲ ಹೋಗುವುದು, ಎಲ್ಲರಿಗೂ ಬೇಕಾದ ಉತ್ತರ ಒಬ್ಬರ ಇನ್‌ಬಾಕ್ಸ್‌ನಲ್ಲಿಯೇ ಉಳಿದುಬಿಡುವುದು, ಎರಡು ಸಾಲಿನ ಉತ್ತರದ ಕೆಳಗೆ ಹಳೆಯ ಪತ್ರಗಳ ರಾಶಿಯೇ ಬಿದ್ದಿರುವುದು: ತೊಂದರೆಗಳು ಬಹುಮಟ್ಟಿಗೆ ಇವೇ. ಇವಕ್ಕೆ ಬರೆಯುವವರ ಅಜಾಗರೂಕತೆಯೊಂದೇ ಕಾರಣವಲ್ಲ. ರಿಪ್ಲೈ ಗುಂಡಿಯನ್ನು ಒತ್ತಿದಾಗ ಒಂದೊಂದು ತಂತ್ರಾಂಶವೂ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುತ್ತದೆ, ಮತ್ತು ಉತ್ತರ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಇಡುತ್ತದೆ.

ವಿವರಣೆಗೆ ಒಂದು ಕಲ್ಪಿತ ಪತ್ರವನ್ನು ಇಟ್ಟುಕೊಳ್ಳೋಣ. ಕುವೆಂಪುನಗರದ ಒಂದು ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಪಟ್ಟಿಗೆ ಬರೆದು ಮೂರು ವಿಷಯ ಕೇಳಿದ್ದಾರೆ: ವಾರ್ಷಿಕ ಮಹಾಸಭೆಯನ್ನು ದಸರಾ ಮುಗಿದ ನಂತರದ ಮೊದಲ ಭಾನುವಾರ ಇಟ್ಟುಕೊಳ್ಳಬಹುದೇ, ನೀರು ಬಿಡುವ ಸಮಯವನ್ನು ಬದಲಾಯಿಸುವಂತೆ ಅರ್ಜಿ ಕೊಡೋಣವೇ, ಪಾರ್ಕಿನ ದೀಪಗಳ ದುರಸ್ತಿಗೆ ವಂತಿಗೆ ಎತ್ತೋಣವೇ.

ಪತ್ರದ ತಲೆಭಾಗ

ಪ್ರತಿಯೊಂದು ಇಮೇಲ್‌ಗೂ ಹೆಡರ್ ಎಂಬ ತಲೆಭಾಗವಿರುತ್ತದೆ. ಬರೆದವರ ವಿಳಾಸ, ಸೇರಬೇಕಾದವರ ವಿಳಾಸ ಮತ್ತು ವಿಷಯದ ಸಾಲು ನಮಗೆ ಕಾಣುತ್ತವೆ. ಕಾಣದೆ ಉಳಿಯುವ ಸಾಲುಗಳೇ ಇಲ್ಲಿ ಮುಖ್ಯ. ‘ರಿಪ್ಲೈ-ಟು’ ಎಂಬ ಸಾಲಿದ್ದರೆ, ರಿಪ್ಲೈ ಒತ್ತಿದಾಗ ಉತ್ತರವು ಬರೆದವರ ವಿಳಾಸಕ್ಕೆ ಹೋಗದೆ ಆ ಸಾಲಿನಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ‘ಲಿಸ್ಟ್-ಪೋಸ್ಟ್’ ಎಂಬ ಸಾಲು ಪಟ್ಟಿಗೆ ಬರೆಯಬೇಕಾದ ವಿಳಾಸ ಯಾವುದೆಂದು ತಂತ್ರಾಂಶಕ್ಕೆ ತಿಳಿಸುತ್ತದೆ. ಪಟ್ಟಿಯಿಂದ ಹೊರಬರುವ ದಾರಿಯನ್ನು ಹೇಳುವ ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಸಾಲಿನ ಜೊತೆಗೆ ಇದನ್ನು 1998ರ ಆರ್‌ಎಫ್‌ಸಿ 2369 ಎಂಬ ಮಾನಕ ನಿಗದಿಪಡಿಸಿತು. ಪಟ್ಟಿಗೆ ಉತ್ತರಿಸುವ ಪ್ರತ್ಯೇಕ ಗುಂಡಿ ಕೆಲವು ತಂತ್ರಾಂಶಗಳಲ್ಲಿ ಇರುವುದು ಈ ಸಾಲಿನ ಆಧಾರದಿಂದಲೇ.

ಇನ್ನು ಮೂರು ಸಾಲುಗಳು ಚರ್ಚೆಯ ಎಳೆಯನ್ನು ಹಿಡಿದಿಡುತ್ತವೆ. ಪ್ರತಿ ಪತ್ರಕ್ಕೂ ‘ಮೆಸೇಜ್-ಐಡಿ’ ಎಂಬ, ಬೇರೆ ಯಾವ ಪತ್ರಕ್ಕೂ ಇರದ ಗುರುತು ಇರುತ್ತದೆ. ನಾವು ಉತ್ತರಿಸಿದಾಗ ನಮ್ಮ ಪತ್ರದ ‘ಇನ್-ರಿಪ್ಲೈ-ಟು’ ಸಾಲಿನಲ್ಲಿ ಮೂಲ ಪತ್ರದ ಗುರುತೂ, ‘ರೆಫರೆನ್ಸಸ್’ ಸಾಲಿನಲ್ಲಿ ಅದಕ್ಕೂ ಹಿಂದಿನ ಪತ್ರಗಳ ಗುರುತುಗಳೂ ಸೇರುತ್ತವೆ. ಯಾವ ಉತ್ತರ ಯಾವ ಪ್ರಶ್ನೆಗೆ ಬಂದದ್ದು ಎಂಬುದನ್ನು ತಂತ್ರಾಂಶಗಳು ಬಹುಪಾಲು ಈ ಸಾಲುಗಳಿಂದ ತಿಳಿಯುತ್ತವೆಯೇ ಹೊರತು ವಿಷಯದ ಸಾಲಿನಿಂದಷ್ಟೇ ಅಲ್ಲ. ಆದುದರಿಂದ ಹೊಸ ವಿಚಾರವನ್ನು ಎತ್ತಲು ಯಾವುದೋ ಹಳೆಯ ಪತ್ರಕ್ಕೆ ರಿಪ್ಲೈ ಒತ್ತಿ ವಿಷಯದ ಸಾಲನ್ನು ಮಾತ್ರ ಅಳಿಸಿ ಬರೆದರೆ, ನೀರಿನ ಅರ್ಜಿಯ ಚರ್ಚೆಯ ನಡುವೆ ನಾಯಿಗಳ ಕಾಟದ ದೂರು ಬಂದು ಕೂರುತ್ತದೆ. ಇದರ ತದ್ವಿರುದ್ಧವೂ ನಡೆಯುತ್ತದೆ: ಹೊಸ ಪತ್ರ ತೆರೆದು, ಹಳೆಯ ವಿಷಯದ ಸಾಲನ್ನೇ ಕೈಯಾರೆ ಟೈಪ್ ಮಾಡಿ ಕಳುಹಿಸಿದರೆ, ಹೆಸರು ಒಂದೇ ಆದರೂ ಎಳೆ ತುಂಡಾಗಿರುತ್ತದೆ. ಪಟ್ಟಿಗೆ ಬರೆಯುವಾಗ ಉತ್ತರಕ್ಕೆ ರಿಪ್ಲೈ, ಹೊಸ ವಿಚಾರಕ್ಕೆ ಹೊಸ ಪತ್ರ ಎಂಬ ನಿಯಮಕ್ಕೆ ವಿನಾಯಿತಿಯೇ ಬೇಡ.

ಈ ಸಾಲುಗಳನ್ನು ಒಮ್ಮೆ ಕಣ್ಣಾರೆ ನೋಡಿಬಿಡುವುದು ಒಳ್ಳೆಯದು. ಜಿಮೇಲ್‌ನಲ್ಲಿ ಪತ್ರದ ಬಲಮೇಲಿನ ಮೂರು ಚುಕ್ಕಿಗಳನ್ನು ಒತ್ತಿ ‘ಶೋ ಒರಿಜಿನಲ್’ ಆರಿಸಬೇಕು. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಪತ್ರವನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆದು ‘ಫೈಲ್’ ಮೆನುವಿನ ‘ಪ್ರಾಪರ್ಟೀಸ್’ ನೋಡಬೇಕು.

ಉತ್ತರ ಯಾರಿಗೆ ಹೋಗಬೇಕು

ಪಟ್ಟಿಯನ್ನು ನಡೆಸುವವರು ರಿಪ್ಲೈ-ಟು ಸಾಲನ್ನು ಎರಡು ಬಗೆಯಲ್ಲಿ ಇಡಬಹುದು. ಅದನ್ನು ಮುಟ್ಟದೆ ಬಿಟ್ಟರೆ ರಿಪ್ಲೈ ಬರೆದವರೊಬ್ಬರಿಗೆ ಹೋಗುತ್ತದೆ, ರಿಪ್ಲೈ ಆಲ್ ಪಟ್ಟಿಗೂ ಹೋಗುತ್ತದೆ. ಅದರಲ್ಲಿ ಪಟ್ಟಿಯ ವಿಳಾಸವನ್ನೇ ತುಂಬಿಟ್ಟರೆ ಬರಿಯ ರಿಪ್ಲೈ ಕೂಡ ಎಲ್ಲರಿಗೂ ಹೋಗುತ್ತದೆ. ಎರಡನೆಯದು ಸದಸ್ಯರಿಗೆ ಸುಲಭವೆಂದು ತೋರಿದರೂ ನನ್ನ ಮತ ಮೊದಲನೆಯದರ ಕಡೆಗೆ. ಎಲ್ಲರಿಗೂ ಹೋಗಬೇಕಾದದ್ದು ಒಬ್ಬರಿಗೆ ಹೋದರೆ ಮತ್ತೊಮ್ಮೆ ಕಳುಹಿಸಿದರೆ ಮುಗಿಯಿತು. ವಂತಿಗೆ ಕೊಡದ ಪಕ್ಕದ ಮನೆಯವರ ಬಗ್ಗೆ ಕಾರ್ಯದರ್ಶಿಗಳಿಗೆಂದು ಬರೆದ ಮಾತು ಆ ಮನೆಯವರೂ ಇರುವ ಪಟ್ಟಿಗೆ ಹೋದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ಇದರ ಮೇಲೆ ಇನ್ನೊಂದು ತೊಡಕು 2014ರಲ್ಲಿ ಸೇರಿಕೊಂಡಿತು. ನಕಲಿ ಪತ್ರಗಳನ್ನು ತಡೆಯುವ ಡಿಮಾರ್ಕ್ ಎಂಬ ವ್ಯವಸ್ಥೆಯಡಿ ಯಾಹೂ ಆ ವರ್ಷ ಬಿಗಿಯಾದ ನೀತಿಯನ್ನು ಜಾರಿಗೆ ತಂದಿತು: ತನ್ನ ವಿಳಾಸದ ಹೆಸರಿನಲ್ಲಿ ಬೇರೆ ಸರ್ವರ್‌ಗಳಿಂದ ಬರುವ, ಪರೀಕ್ಷೆಯಲ್ಲಿ ತೇರ್ಗಡೆಯಾಗದ ಪತ್ರಗಳನ್ನು ತಿರಸ್ಕರಿಸಬೇಕೆಂದು ಅದು ಇತರ ಸರ್ವರ್‌ಗಳಿಗೆ ಸೂಚಿಸಿತು. ಮೇಲಿಂಗ್ ಲಿಸ್ಟ್‌ಗಳು ಮಾಡುವುದು ಸದಸ್ಯರ ಹೆಸರಿನಲ್ಲಿ ಪತ್ರವನ್ನು ಮರುರವಾನಿಸುವ ಕೆಲಸವೇ ಆದ್ದರಿಂದ ಅವು ಪೇಚಿಗೆ ಸಿಕ್ಕವು. ಪರಿಹಾರವೆಂದು ಅನೇಕ ಪಟ್ಟಿಗಳು ಕಳುಹಿಸಿದವರ ಜಾಗದಲ್ಲಿ ತಮ್ಮ ವಿಳಾಸವನ್ನೇ ಹಾಕಿ, ಹೆಸರಿನ ಮುಂದೆ ‘ವಯಾ’ ಎಂದು ಸೇರಿಸಿ ಪಟ್ಟಿಯ ಹೆಸರನ್ನು ತೋರಿಸತೊಡಗಿದವು. ಅಂತಹ ಪತ್ರದಲ್ಲಿ ಕಾಣುವ ಹೆಸರು ವ್ಯಕ್ತಿಯದು, ವಿಳಾಸ ಪಟ್ಟಿಯದು. ಹೆಸರನ್ನಷ್ಟೇ ನಂಬಿ ಖಾಸಗಿಯಾಗಿ ಉತ್ತರಿಸುತ್ತಿದ್ದೇನೆಂದು ಭಾವಿಸುವುದು ಅಪಾಯಕಾರಿ. ಖಾಸಗಿ ಮಾತಿಗೆ ಹೊಸ ಪತ್ರ ತೆರೆದು, ಆ ವ್ಯಕ್ತಿಯ ವಿಳಾಸವನ್ನು ತಾನೇ ಬರೆದು ಕಳುಹಿಸುವುದು ಕ್ಷೇಮ.

ರಿಪ್ಲೈ ಆಲ್ ಬಗ್ಗೆ ಪಟ್ಟಿಯಿಂದ ಪಟ್ಟಿಗೆ ಪದ್ಧತಿ ಬೇರೆ. ನಿವಾಸಿಗಳ ಸಂಘದಂತಹ ಕಡೆ ಪಟ್ಟಿಯ ವಿಳಾಸವೊಂದನ್ನು ಉಳಿಸಿಕೊಂಡು ವ್ಯಕ್ತಿಗಳ ವಿಳಾಸಗಳನ್ನು ತೆಗೆದುಹಾಕಿದರೆ ಒಬ್ಬರಿಗೇ ಎರಡೆರಡು ಪ್ರತಿ ಹೋಗುವುದು ತಪ್ಪುತ್ತದೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಪಟ್ಟಿಗಳಲ್ಲಿ ಇದು ಸಲ್ಲದು: ಅಲ್ಲಿ ಎಲ್ಲರಿಗೂ ಉತ್ತರಿಸಬೇಕು, ಸಿಸಿಯಲ್ಲಿ (ಪ್ರತಿ ಪಡೆಯುವವರ ಸಾಲಿನಲ್ಲಿ) ಇರುವ ಯಾರನ್ನೂ ಬಿಡಬಾರದು, ಬಣ್ಣ, ಅಕ್ಷರವಿನ್ಯಾಸಗಳ ಅಲಂಕಾರವಿರುವ ಎಚ್‌ಟಿಎಂಎಲ್ ರೂಪದ ಪತ್ರವನ್ನಂತೂ ಸರ್ವರ್ ಸ್ವೀಕರಿಸುವುದೇ ಇಲ್ಲ. ಮೊದಲ ಪ್ಯಾಚ್ (ಕೋಡಿನ ತಿದ್ದುಪಡಿ) ಕಳುಹಿಸಲು ಹೊರಟ ವಿದ್ಯಾರ್ಥಿಗಳು ಆ ಪಟ್ಟಿಯ ಹಳೆಯ ಪತ್ರಗಳನ್ನು ಒಂದಿಷ್ಟು ಓದಿದ ನಂತರವೇ ಕೈ ಹಾಕುವುದು ಮೇಲು.

ಥಂಡರ್‌ಬರ್ಡ್

ಪಟ್ಟಿಗಳ ಮಟ್ಟಿಗೆ ಸಾಮಾನ್ಯ ಬಳಕೆದಾರರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಪತ್ರದಲ್ಲಿ ಲಿಸ್ಟ್-ಪೋಸ್ಟ್ ಸಾಲಿದ್ದರೆ ಅದರ ಮೇಲ್ಭಾಗದಲ್ಲಿ ‘ರಿಪ್ಲೈ ಲಿಸ್ಟ್’ ಎಂಬ ಗುಂಡಿ ತಾನಾಗಿಯೇ ಮೂಡುತ್ತದೆ. ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಲ್. ಅದನ್ನು ಒತ್ತಿದರೆ ಉತ್ತರ ಪಟ್ಟಿಗೆ ಮಾತ್ರ ಹೋಗುತ್ತದೆ.

ಮೊದಲ ಸಲ ಮಾಡಬೇಕಾದ ಏರ್ಪಾಡು ಸ್ವಲ್ಪ ಇದೆ. ‘ಅಕೌಂಟ್ ಸೆಟ್ಟಿಂಗ್ಸ್’ ತೆರೆದು, ನಿಮ್ಮ ಖಾತೆಯ ಕೆಳಗಿರುವ ‘ಕಾಂಪೊಸಿಶನ್ ಅಂಡ್ ಅಡ್ರೆಸಿಂಗ್’ಗೆ ಹೋಗಿ. ಅಲ್ಲಿ ಎಚ್‌ಟಿಎಂಎಲ್ ರೂಪದಲ್ಲಿ ಬರೆಯುವ ಆಯ್ಕೆಯ ಗುರುತನ್ನು ತೆಗೆಯಿರಿ. ಉತ್ತರಿಸುವಾಗ ಮೂಲ ಪತ್ರವನ್ನು ಉಲ್ಲೇಖಿಸುವ ಆಯ್ಕೆಯನ್ನು ಇರಗೊಟ್ಟು, ಅದರ ಕೆಳಗೆ ಉತ್ತರವು ಉಲ್ಲೇಖದ ಕೆಳಗಿನಿಂದ ಆರಂಭವಾಗುವಂತೆ ಆರಿಸಿ. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ಪ್ರತಿಯೊಂದಕ್ಕೂ ಇದನ್ನು ಬೇರೆಬೇರೆಯಾಗಿ ಮಾಡಬೇಕು. ಒಂದೇ ಒಂದು ಪತ್ರವನ್ನು ಮಾತ್ರ ಬೇರೆ ರೂಪದಲ್ಲಿ ಬರೆಯಬೇಕೆನಿಸಿದರೆ, ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ರಿಪ್ಲೈ ಗುಂಡಿಯನ್ನು ಒತ್ತಿದರೆ ಸಾಕು.

ಹೆಚ್ಚು ಜನ ಗಮನಿಸದ ಒಂದು ಸೌಕರ್ಯವೂ ಇಲ್ಲಿದೆ. ಮೂಲ ಪತ್ರದಲ್ಲಿ ನಿಮಗೆ ಬೇಕಾದ ಸಾಲುಗಳನ್ನು ಮೌಸ್‌ನಿಂದ ಆಯ್ದುಕೊಂಡು ನಂತರ ರಿಪ್ಲೈ ಒತ್ತಿದರೆ ಅಷ್ಟೇ ಭಾಗ ಉತ್ತರಕ್ಕೆ ಬರುತ್ತದೆ. ಕಾರ್ಯದರ್ಶಿಗಳ ದೀರ್ಘ ಪತ್ರದಲ್ಲಿ ದೀಪಗಳ ವಿಷಯಕ್ಕಷ್ಟೇ ಉತ್ತರಿಸುವವರಿಗೆ ಇದು ಅಳಿಸುವ ಕೆಲಸವನ್ನೇ ಉಳಿಸುತ್ತದೆ.

ಜಿಮೇಲ್

2004ರಲ್ಲಿ ಬಂದ ಜಿಮೇಲ್ ಪತ್ರಗಳನ್ನು ಸಂಭಾಷಣೆಯಾಗಿ ಕಟ್ಟಿ ತೋರಿಸುವ ರೂಢಿಯನ್ನು ಮನೆಮಾತಾಗಿಸಿತು. ಆದರೆ ಪಟ್ಟಿಗೆ ಉತ್ತರಿಸುವ ಪ್ರತ್ಯೇಕ ಗುಂಡಿ ಅದರಲ್ಲಿಲ್ಲ. ಹಾಗಾಗಿ ಇಲ್ಲಿ ಕ್ರಮವಾಗಿ ಸಾಗಬೇಕು.

1. ಸಂಭಾಷಣೆಯ ಕೊನೆಯಲ್ಲಿ ಕಾಣುವ ರಿಪ್ಲೈ ಗುಂಡಿ ಕೊನೆಯ ಪತ್ರಕ್ಕೆ ಸೇರಿದ್ದು. ನಿಮ್ಮ ಉತ್ತರ ನಡುವಿನ ಯಾವುದೋ ಪತ್ರಕ್ಕಾದರೆ ಆ ಪತ್ರವನ್ನೇ ಬಿಡಿಸಿ, ಅದರ ಬಲಮೇಲಿನ ಬಾಣದ ಗುರುತನ್ನು ಒತ್ತಿ. ಇಲ್ಲವಾದರೆ ಬೇರೆ ತಂತ್ರಾಂಶದಲ್ಲಿ ಓದುವವರಿಗೆ ನಿಮ್ಮ ಉತ್ತರ ತಪ್ಪು ಪತ್ರದ ಕೆಳಗೆ ಕಾಣುತ್ತದೆ.

2. ಬರೆಯುವ ಪೆಟ್ಟಿಗೆ ತೆರೆದ ಕೂಡಲೇ ಮೇಲಿನ ಹೆಸರಿನ ಮೇಲೆ ಒತ್ತಿ ವಿಳಾಸವನ್ನು ಪೂರ್ತಿಯಾಗಿ ನೋಡಿ. ಪಟ್ಟಿಗೆ ಹೋಗಬೇಕಾದ ಉತ್ತರವಾದರೆ ಅಲ್ಲಿ ಪಟ್ಟಿಯ ವಿಳಾಸವಿರಲೇಬೇಕು. ‘ಸೆಟ್ಟಿಂಗ್ಸ್’ನ ‘ಜನರಲ್’ ಭಾಗದಲ್ಲಿ ರಿಪ್ಲೈ ಆಲ್ ಅನ್ನೇ ರೂಢಿಯ ಉತ್ತರವಾಗಿ ಇಟ್ಟುಕೊಳ್ಳಲು ಅವಕಾಶವಿದೆ. ಕಚೇರಿಯ ಪತ್ರಗಳಿಗೂ ಅದೇ ಖಾತೆಯನ್ನು ಬಳಸುವವರು ಅದರ ತಂಟೆಗೆ ಹೋಗದಿರುವುದೇ ವಾಸಿ.

3. ಪೆಟ್ಟಿಗೆಯ ಒಳಗಿನ ಮೂರು ಚುಕ್ಕಿಗಳ ಪುಟ್ಟ ಗುಂಡಿಯ ಹಿಂದೆ ಮೂಲ ಪತ್ರವೆಲ್ಲ ಅಡಗಿರುತ್ತದೆ. ನಿಮಗೆ ಕಾಣದಿದ್ದರೂ ಅದು ಎಲ್ಲರಿಗೂ ಹೋಗುತ್ತದೆ. ಅದನ್ನು ಒತ್ತಿ ಬಿಡಿಸಿ, ಬೇಡದ ಭಾಗವನ್ನು ಅಳಿಸಿ.

4. ಪೆಟ್ಟಿಗೆಯ ಕೆಳಸಾಲಿನಲ್ಲಿರುವ ಮೂರು ಚುಕ್ಕಿಗಳಿಂದ ‘ಪ್ಲೇನ್ ಟೆಕ್ಸ್ಟ್ ಮೋಡ್’ (ಅಲಂಕಾರವಿಲ್ಲದ ಸರಳ ಅಕ್ಷರ ರೂಪ) ಆರಿಸಿದರೆ ಉಲ್ಲೇಖದ ಪ್ರತಿ ಸಾಲಿನ ಆರಂಭದಲ್ಲಿ > ಚಿಹ್ನೆ ಬರುತ್ತದೆ. ಆಗ ಸಾಲುಗಳ ನಡುವೆ ಎಲ್ಲಿ ಬೇಕಾದರೂ ಎಂಟರ್ ಒತ್ತಿ ನಿಮ್ಮ ಉತ್ತರವನ್ನು ಬರೆಯಬಹುದು. ಅಲಂಕಾರದ ರೂಪದಲ್ಲಿಯೇ ಬಿಟ್ಟರೆ ನಿಮ್ಮ ಮಾತೂ ಉಲ್ಲೇಖದ ಗೆರೆಯೊಳಗೆ ಸಿಕ್ಕಿಕೊಂಡು, ಯಾರ ಮಾತು ಯಾವುದೆಂದು ತಿಳಿಯದೆ ಹೋಗುವುದುಂಟು.

5. ಕಳುಹಿಸಿದ ಕೂಡಲೇ ಪತ್ರವನ್ನು ತಡೆಯಲು ಅವಕಾಶ ಕೊಡುವ ‘ಅನ್‌ಡೂ ಸೆಂಡ್’ ಅವಧಿಯನ್ನು 5, 10, 20 ಅಥವಾ 30 ಸೆಕೆಂಡ್‌ಗಳಿಗೆ ಇಡಬಹುದು. ಪಟ್ಟಿಗಳಿಗೆ ಬರೆಯುವವರು 30 ಇಟ್ಟುಕೊಳ್ಳಲಿ.

ಕಳುಹಿಸಿದ ಪತ್ರ ಪಟ್ಟಿಯಿಂದ ತಿರುಗಿ ಬಂದದ್ದು ಜಿಮೇಲ್‌ನ ಇನ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಕಳುಹಿಸಿದ ಪ್ರತಿಗೂ ತಿರುಗಿ ಬಂದ ಪ್ರತಿಗೂ ಮೆಸೇಜ್-ಐಡಿ ಒಂದೇ ಆದ್ದರಿಂದ ಜಿಮೇಲ್ ಎರಡನೆಯದನ್ನು ಬೇರೆಯಾಗಿ ತೋರಿಸುವುದಿಲ್ಲ. ಪತ್ರ ಹೋಗಲಿಲ್ಲವೆಂದು ಭಾವಿಸಿ ಎರಡು ಮೂರು ಬಾರಿ ಕಳುಹಿಸುವವರು ಪ್ರತಿ ಪಟ್ಟಿಯಲ್ಲಿಯೂ ಇರುತ್ತಾರೆ. ಪಟ್ಟಿಯ ಹಳೆಯ ಪತ್ರಗಳ ಸಂಗ್ರಹವನ್ನು ಒಮ್ಮೆ ನೋಡಿದರೆ ಸಂದೇಹ ತೀರುತ್ತದೆ. ಚರ್ಚೆ 100 ಪತ್ರಗಳನ್ನು ದಾಟಿದಾಗ ಜಿಮೇಲ್ ತಾನೇ ಅದನ್ನು ಮುರಿದು ಹೊಸ ಸಂಭಾಷಣೆಯಾಗಿ ತೋರಿಸುತ್ತದೆ ಎಂಬುದೂ ತಿಳಿದಿರಲಿ.

ಔಟ್‌ಲುಕ್ ಮತ್ತು ಉಳಿದವು

ಔಟ್‌ಲುಕ್ ಕಚೇರಿಯ ಪತ್ರವ್ಯವಹಾರಕ್ಕೆಂದು ರೂಪುಗೊಂಡದ್ದು. ಉತ್ತರ ಮೇಲೆ, ಹಳೆಯ ಪತ್ರವೆಲ್ಲ ಕೆಳಗೆ ಎಂಬುದು ಅದರ ಸಹಜ ನಡೆ. ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಳ್ಳುವ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ‘ಫೈಲ್’, ‘ಆಪ್ಶನ್ಸ್’, ‘ಮೇಲ್’ ಎಂದು ಸಾಗಿ ‘ರಿಪ್ಲೈಸ್ ಅಂಡ್ ಫಾರ್ವರ್ಡ್ಸ್’ ಭಾಗಕ್ಕೆ ಬಂದರೆ, ಮೂಲ ಪತ್ರದ ಪ್ರತಿ ಸಾಲಿನ ಮುಂದೆ ಚಿಹ್ನೆ ಸೇರಿಸುವ ಆಯ್ಕೆ ಸಿಗುತ್ತದೆ. ಬರೆಯುವಾಗ ‘ಫಾರ್ಮ್ಯಾಟ್ ಟೆಕ್ಸ್ಟ್’ನಿಂದ ‘ಪ್ಲೇನ್ ಟೆಕ್ಸ್ಟ್’ಗೆ ಬದಲಾಯಿಸಿಕೊಳ್ಳಬೇಕು. ಪಟ್ಟಿಗೆ ಉತ್ತರಿಸುವ ಗುಂಡಿ ಇಲ್ಲಿಯೂ ಇಲ್ಲದಿರುವುದರಿಂದ ರಿಪ್ಲೈ ಆಲ್ ಒತ್ತಿ ಬೇಡದ ವಿಳಾಸಗಳನ್ನು ತೆಗೆಯುವುದೇ ದಾರಿ. ‘ರೀಕಾಲ್’ ಎಂಬ ಸೌಲಭ್ಯವನ್ನು ನೆಚ್ಚಿಕೊಳ್ಳಬೇಡಿ: ಅದು ಒಂದೇ ಸಂಸ್ಥೆಯ ಒಳಗಿನ ಪತ್ರಗಳಿಗೆ ಮಾಡಿದ್ದು, ಹೊರಗಿನ ಪಟ್ಟಿಗೆ ಹೋದ ಪತ್ರವನ್ನು ಹಿಂದಕ್ಕೆ ತರುವುದಿಲ್ಲ.

ಆಪಲ್ ಮೇಲ್‌ನಲ್ಲಿಯೂ ಸಾಲುಗಳನ್ನು ಮೊದಲೇ ಆಯ್ದು ರಿಪ್ಲೈ ಒತ್ತಿದರೆ ಅಷ್ಟನ್ನೇ ಉಲ್ಲೇಖಿಸುತ್ತದೆ. ಸರಳ ಅಕ್ಷರ ರೂಪಕ್ಕೆ ಶಿಫ್ಟ್, ಕಮಾಂಡ್ ಮತ್ತು ಟಿ. ಲಿನಕ್ಸ್ ಬಳಸುವವರಿಗೆ ಕಷ್ಟವೇ ಇಲ್ಲ: ಎವಲ್ಯೂಶನ್‌ನಲ್ಲಿ ಕಂಟ್ರೋಲ್ ಮತ್ತು ಎಲ್, ಕೆಮೇಲ್‌ನಲ್ಲಿ ಬರಿಯ ಎಲ್, ಮಟ್‌ನಲ್ಲಿ ದೊಡ್ಡಕ್ಷರದ ಎಲ್ ಒತ್ತಿದರೆ ಉತ್ತರ ಪಟ್ಟಿಗೇ ಹೋಗುತ್ತದೆ. ಮಟ್‌ಗೆ ಮಾತ್ರ ನೀವು ಯಾವ ಪಟ್ಟಿಗಳ ಸದಸ್ಯರೆಂದು ಅದರ ಸಂರಚನಾ ಕಡತದಲ್ಲಿ ಮೊದಲೇ ಬರೆದಿಡುವುದು ಒಳ್ಳೆಯದು.

ಫೋನ್ ಬೇರೆಯೇ ವಿಚಾರ. ಜಿಮೇಲ್ ಆ್ಯಪ್‌ನಲ್ಲಿ ಸರಳ ಅಕ್ಷರ ರೂಪವಿಲ್ಲ, ಉಲ್ಲೇಖವನ್ನು ಕತ್ತರಿಸುವುದು ಬೆರಳಿಗೆ ಹಿಂಸೆ. ಆಂಡ್ರಾಯ್ಡ್‌ನಲ್ಲಿ ಕೆ-9 ಮೇಲ್ ಅಥವಾ ಅದರಿಂದಲೇ ಬೆಳೆದು 2024ರಲ್ಲಿ ಹೊರಬಂದ ಥಂಡರ್‌ಬರ್ಡ್ ಆ್ಯಪ್ ಬಳಸಿದರೆ ಉಲ್ಲೇಖದ ಕೆಳಗೆ ಉತ್ತರಿಸುವ ಆಯ್ಕೆ ಸಿಗುತ್ತದೆ. ಮಂಡ್ಯದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಕುಳಿತು ಓದಲು ಅಡ್ಡಿಯಿಲ್ಲ. ವಾದಕ್ಕೆ ತಿರುಗಬಹುದಾದ ವಿಷಯಕ್ಕೆ ಉತ್ತರವನ್ನು ಮನೆಗೆ ಬಂದು ಬರೆಯುವುದು ಒಳ್ಳೆಯದು.

ಉಲ್ಲೇಖಿಸುವ ಬಗೆ

ಉಲ್ಲೇಖ ಇರಬೇಕಾದದ್ದು, ನಿಮ್ಮ ಉತ್ತರವನ್ನು ಓದುವವರಿಗೆ ಪ್ರಶ್ನೆ ಏನಿತ್ತೆಂದು ತಿಳಿಯುವಷ್ಟು ಮಾತ್ರ. ಪ್ರಶ್ನೆಗಳು ಮೂರಿದ್ದರೆ ಒಂದೊಂದನ್ನೂ ಉಳಿಸಿಕೊಂಡು ಅದರದರ ಕೆಳಗೆ ಉತ್ತರಿಸುವುದು ಸ್ಪಷ್ಟ:

ಕಾರ್ಯದರ್ಶಿಗಳು ಬರೆದದ್ದು:
> ಮಹಾಸಭೆಯನ್ನು ದಸರಾ ಮುಗಿದ ನಂತರದ ಮೊದಲ
> ಭಾನುವಾರ ಇಟ್ಟುಕೊಳ್ಳಬಹುದೇ?

ಆಗಬಹುದು. ರಜೆಗೆ ಊರಿಗೆ ಹೋದವರು ಅಂದೇ ಮರಳುವುದರಿಂದ ಸಂಜೆ 5 ಗಂಟೆಗೆ ಇಟ್ಟರೆ ಅನುಕೂಲ.

> ನೀರು ಬಿಡುವ ಸಮಯವನ್ನು ಬದಲಾಯಿಸುವಂತೆ
> ಅರ್ಜಿ ಕೊಡೋಣವೇ? […]

ಕೊಡೋಣ. ಮೇಲಿನ ಅಡ್ಡರಸ್ತೆಗಳಿಗೆ ನೀರು ತಡವಾಗಿ ಏರುವ ವಿಷಯವನ್ನೂ ಅರ್ಜಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಮೂರನೆಯ ಪ್ರಶ್ನೆಗೆ ಹೇಳುವುದೇನೂ ಇಲ್ಲದಿದ್ದರೆ ಅದನ್ನು ಅಳಿಸಿಬಿಡಬೇಕು. ನಡುವೆ ಬಿಟ್ಟ ಭಾಗವನ್ನು ಆವರಣದೊಳಗಿನ ಚುಕ್ಕಿಗಳಿಂದ ಸೂಚಿಸಬೇಕು. ಉಳಿಸಿಕೊಂಡ ಮಾತನ್ನು ಮಾತ್ರ ತಿದ್ದಬಾರದು, ಕಾಗುಣಿತದ ತಪ್ಪಿದ್ದರೂ ಕೂಡ. ಯಾರು ಬರೆದದ್ದೆಂಬ ಸಾಲು ಉಳಿದಿರಬೇಕು. ಇಬ್ಬರು ಮೂವರ ಮಾತು ಒಂದರೊಳಗೊಂದು ಸೇರಿದ್ದರೆ > ಚಿಹ್ನೆಗಳ ಸಂಖ್ಯೆಯೇ ಯಾರದು ಯಾವುದೆಂದು ಹೇಳುವುದರಿಂದ ಅವುಗಳನ್ನು ಕಲಸಬಾರದು. ಕೊನೆಯ ಸಹಿಯನ್ನು ಎರಡು ಅಡ್ಡಗೆರೆ ಮತ್ತು ಒಂದು ಖಾಲಿ ಜಾಗವಿರುವ ಸಾಲಿನ ಕೆಳಗೆ ಇಟ್ಟರೆ ಥಂಡರ್‌ಬರ್ಡ್‌ನಂತಹ ತಂತ್ರಾಂಶಗಳು ಉತ್ತರಿಸುವಾಗ ಅದನ್ನು ತಾವೇ ಬಿಟ್ಟುಬಿಡುತ್ತವೆ.

ಪಟ್ಟಿಯ ಹಿರಿಯರು ಉತ್ತರವನ್ನು ಮೇಲೆಯೇ ಬರೆಯುವ ರೂಢಿಯವರಾದರೆ ಅವರೊಡನೆ ಜಗಳಕ್ಕೆ ನಿಲ್ಲುವುದು ವ್ಯರ್ಥ. ಮೇಲೆ ಬರೆದರೂ ಕೆಳಗಿನದನ್ನು ಕತ್ತರಿಸಬಹುದಲ್ಲ. ‘ಧನ್ಯವಾದಗಳು ಸರ್’ ಎಂಬ ಒಂದು ಸಾಲನ್ನು ಕೃತಜ್ಞತೆ ಸಲ್ಲಬೇಕಾದವರಿಗಷ್ಟೇ ಕಳುಹಿಸಿದರೆ ಅವರಿಗೂ ಸಂತೋಷ, ಉಳಿದವರಿಗೂ ನೆಮ್ಮದಿ.

ಕನ್ನಡದಲ್ಲಿ ಬರೆಯುವಾಗ

ಸರಳ ಅಕ್ಷರ ರೂಪದ ಪತ್ರದಲ್ಲಿ ಫಾಂಟಿನ ಮಾಹಿತಿ ಇರುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ವಾಸ್ತವದಲ್ಲಿ ಲ್ಯಾಟಿನ್ ಅಕ್ಷರಗಳ ಸಂಕೇತಗಳಲ್ಲಿಯೇ ಇರುತ್ತದೆ. ಫಾಂಟ್ ಬದಲಾಗಿ ಹೋದಾಗ ಓದುವವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಗೋಜಲು. ಸಂಘದ ಹಳೆಯ ನಡಾವಳಿಯ ಕಡತದಿಂದ ಭಾಗಗಳನ್ನು ತಂದು ಅಂಟಿಸುವವರು ಮೊದಲು ಅದನ್ನು ಪರಿವರ್ತಕದ ಮೂಲಕ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಬದಲಾಯಿಸಬೇಕು. ಹೊಸದಾಗಿ ಬರೆಯುವುದನ್ನು ಯೂನಿಕೋಡ್‌ನಲ್ಲಿಯೇ ಬರೆದರೆ ಫೋನಿನಲ್ಲಿಯೂ ಸರಿಯಾಗಿ ಕಾಣುತ್ತದೆ, ಸಂಗ್ರಹದಲ್ಲಿ ಹುಡುಕಿದಾಗಲೂ ಸಿಗುತ್ತದೆ. ಗೋಜಲಾಗಿ ಬಂದ ಪತ್ರಕ್ಕೆ ಉತ್ತರಿಸುವಾಗ ಆ ಗೋಜಲನ್ನೇ ಉಲ್ಲೇಖಿಸುವ ಬದಲು ಬರೆದವರನ್ನು ಕೇಳಿ ತಿಳಿದು, ಅದರ ಸಾರವನ್ನು ನಿಮ್ಮ ಮಾತಿನಲ್ಲಿ ಒಂದು ಸಾಲಾಗಿ ಕೊಡಿ.

ಸಾಲಿಗೆ 72 ಅಕ್ಷರಗಳೆಂಬ ಹಳೆಯ ಕಟ್ಟಳೆ ಇಂಗ್ಲಿಷಿನ ಸಮಾನ ಅಗಲದ ಅಕ್ಷರಗಳಿಗೆ ಹೊಂದಿಸಿದ್ದು. ಒತ್ತಕ್ಷರಗಳಿರುವ ಕನ್ನಡಕ್ಕೆ ಅದನ್ನು ಎಣಿಸುತ್ತಾ ಕೂರಬೇಕಿಲ್ಲ. ಪ್ಯಾರಾಗಳನ್ನು ಚಿಕ್ಕದಾಗಿಸಿ ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಸಾಕು.

ಡೈಜೆಸ್ಟ್, ರಜೆ, ನಿರ್ಗಮನ

ದಿನದ ಪತ್ರಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಪತ್ರವಾಗಿ ತರಿಸಿಕೊಳ್ಳುವ ಡೈಜೆಸ್ಟ್ ಓದುವವರಿಗೆ ಹಿತ, ಉತ್ತರಿಸುವವರಿಗೆ ಕಂಟಕ. ಅದಕ್ಕೆ ರಿಪ್ಲೈ ಒತ್ತಿದರೆ ವಿಷಯದ ಸಾಲಿನಲ್ಲಿ ಡೈಜೆಸ್ಟ್‌ನ ಸಂಪುಟ ಸಂಖ್ಯೆ ಇರುತ್ತದೆ, ಎಳೆಯ ಗುರುತುಗಳೂ ಡೈಜೆಸ್ಟ್‌ನವೇ ಆಗಿರುತ್ತವೆ. ಬೇರೆ ದಾರಿಯಿಲ್ಲದಿದ್ದರೆ ಮೂಲ ಪತ್ರದ ವಿಷಯವನ್ನು ಆ ಸಾಲಿಗೆ ತಂದು, ನೀವು ಉತ್ತರಿಸುತ್ತಿರುವ ಭಾಗವನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ. ಆಗಾಗ ಚರ್ಚೆಯಲ್ಲಿ ಭಾಗವಹಿಸುವವರು ಡೈಜೆಸ್ಟ್ ಬಿಟ್ಟು ಬಿಡಿಪತ್ರಗಳಿಗೆ ಬದಲಾಯಿಸಿಕೊಳ್ಳುವುದೇ ಸರಿ.

ರಜೆಯ ಮೇಲೆ ಹೋಗುವಾಗ ಇಡುವ ತಾನಾಗಿ ಹೋಗುವ ಉತ್ತರವನ್ನು ಪಟ್ಟಿಗಳಿಂದ ದೂರವಿಡಬೇಕು. ಪಟ್ಟಿಯ ಮೂಲಕ ಬಂದ ಪತ್ರಗಳಿಗೆ ಜಿಮೇಲ್‌ನ ರಜಾ ಉತ್ತರ ಹೋಗುವುದಿಲ್ಲ. ಔಟ್‌ಲುಕ್‌ನಲ್ಲಿ ಸಂಸ್ಥೆಯ ಹೊರಗಿನವರಿಗೆ ಉತ್ತರಿಸುವ ಆಯ್ಕೆಯನ್ನು ನಿಮ್ಮ ಸಂಪರ್ಕದಲ್ಲಿ ಇರುವವರಿಗಷ್ಟೇ ಸೀಮಿತಗೊಳಿಸಿ.

ಬಡಾವಣೆ ಬಿಟ್ಟು ಬೇರೆ ಊರಿಗೆ ಹೋದವರು ‘ನನ್ನ ಹೆಸರನ್ನು ತೆಗೆಯಿರಿ’ ಎಂದು ಇಡೀ ಪಟ್ಟಿಗೆ ಬರೆದರೆ, ‘ನನ್ನದನ್ನೂ’ ಎಂಬ ಉತ್ತರಗಳ ಸಾಲೇ ಅದರ ಹಿಂದೆ ಬರುತ್ತದೆ, ಹೆಸರು ಮಾತ್ರ ಅಲ್ಲೇ ಇರುತ್ತದೆ. ಪತ್ರದ ಅಡಿಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನೋ, ಜಿಮೇಲ್ ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ತೋರಿಸುವ ಅದೇ ಹೆಸರಿನ ಗುಂಡಿಯನ್ನೋ ಬಳಸಬೇಕು. ಎರಡೂ ಸಿಗದಿದ್ದರೆ ಪಟ್ಟಿಯನ್ನು ನೋಡಿಕೊಳ್ಳುವವರೊಬ್ಬರಿಗೆ, ನೀವು ಸದಸ್ಯರಾಗಿ ಸೇರಿದ್ದ ಅದೇ ವಿಳಾಸದಿಂದ, ಒಂದು ಸಾಲು ಬರೆದರೆ ಸಾಕು.